ಮೂರನೆಯ ಪಟ್ಟಿ

ಸೇನೆಯ ವಾಹನ ದುರಸ್ತಿ ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ‘ಪಿಸುಮಾತು’ ಎಂದೇ ಕರೆಯುತ್ತಿದ್ದರು. ಎದುರಿಗೆ ನಿಂತು ಮಾತಾಡಿದರೂ ಕಿವಿಯನ್ನು ಅವಳ ಬಾಯಿಯ ಹತ್ತಿರ ಒಯ್ಯಬೇಕು, ಅಂಥ ದನಿ. ಆದರೆ ಎಂಜಿನ್ ಬಿಚ್ಚಿ ಜೋಡಿಸುವುದರಲ್ಲಿ ಎತ್ತಿದ ಕೈ. ಎಂಥ ಹಟಮಾರಿ ಲಾರಿಯಾದರೂ ಅವಳು ಬಾನೆಟ್ಟಿನೊಳಗೆ ತಲೆ ಹಾಕಿದಳೆಂದರೆ ತೆಪ್ಪಗೆ ಸ್ಟಾರ್ಟ್ ಆಗುತ್ತಿತ್ತು.

ಸಾದಾ ಸಿಪಾಯಿಯಾಗಿ ಸೇರಿದವಳಿಗೆ, ದರ್ಜೆ ತೋರಿಸುವ ತೋಳಿನ ಮೊದಲ ಪಟ್ಟಿ ತಾನಾಗಿಯೇ ಬಂದಿತ್ತು. ನಿಗದಿತ ಕಾಲ ಸೇವೆ ಮಾಡಿ, ಹೆಸರು ಕೆಡಿಸಿಕೊಳ್ಳದಿದ್ದರೆ ಅದು ಯಾರಿಗಾದರೂ ಸಿಗುತ್ತದೆ. ಎರಡನೆಯದಕ್ಕೆ ಕಸುಬಿನ ಪರೀಕ್ಷೆ. ಅವಳಿಗದು ನೀರು ಕುಡಿದಷ್ಟು ಸಲೀಸು. ಕಾರ್ಪೊರಲ್ ಆದಳು. ಮೂರನೆಯ ಪಟ್ಟಿಯ ಕತೆಯೇ ಬೇರೆ. ಸಾರ್ಜೆಂಟ್ ಆಗುವವರು ಕೆಲಸ ಮಾಡಿದರೆ ಸಾಲದು, ಮಾಡಿಸಬೇಕು. ಅದಕ್ಕೆ ಓಟ, ಬರಹದ ಪರೀಕ್ಷೆ, ನಾಯಕತ್ವದ ತರಬೇತಿ, ಮೇಲಧಿಕಾರಿಗಳ ಸಂದರ್ಶನ. ಇಷ್ಟೆಲ್ಲ ಗೆದ್ದರೂ ಮೇಲೆ ಒಂದು ಜಾಗ ಖಾಲಿಯಾಗುವ ತನಕ ಕಾಯಬೇಕು.

ತರಬೇತಿಯ ಕೊನೆಯ ದಿನ ಕವಾಯತು ಮೈದಾನದಲ್ಲಿ ಒಂದು ದಳವನ್ನು ನಡೆಸಬೇಕಿತ್ತು. ಶುರುವೇನೋ ಚೆನ್ನಾಗಿಯೇ ಆಯಿತು. ಆದರೆ ಅವಳು “ದಳ... ನಿಲ್!” ಎಂದದ್ದು ಯಾರ ಕಿವಿಗೂ ಬೀಳಲಿಲ್ಲ. ದಳ ಶಿಸ್ತಾಗಿ ಹೆಜ್ಜೆ ಹಾಕುತ್ತ ಮೈದಾನ ದಾಟಿತು, ಬೇಲಿ ದಾಟಿತು, ಕಮಾಂಡರ್ ಸಾಹೇಬರು ಮಕ್ಕಳಂತೆ ಸಾಕಿದ್ದ ಗುಲಾಬಿ ಗಿಡಗಳನ್ನು ತುಳಿದುಕೊಂಡು ಹೋಗಿ ಗೋಡೆಗೆ ಮುಖ ಕೊಟ್ಟು ನಿಂತಿತು. ತರಬೇತುದಾರ ಹಣೆ ಚಚ್ಚಿಕೊಂಡ. “ಎಲ್ಲಾ ಸರಿ ಇದೆ. ದನಿ ಒಂದಿಲ್ಲ. ಮುಂದಿನ ಸಲ ಬಾ.”

ಮನೆಗೆ ಬಂದವಳ ಮುಖ ನೋಡಿ ಅತ್ತೆ ಕೇಳಿದರು, “ಯಾಕೆ ಸಪ್ಪಗಿದೀಯ?”

“ಫೇಲಾದೆ ಅತ್ತೆ.”

“ಏನಂದೆ?”

“ಫೇಲಾದೆ!”

“ಒಂಚೂರೂ ಕೇಳಿಸ್ಲಿಲ್ಲ ಕಣೇ.”

ಅಡುಗೆಮನೆಯಿಂದ ಗಂಡ ಹೇಳಿದ, “ಅದಕ್ಕೇ ಫೇಲಾಗಿದ್ದು, ಅಮ್ಮ.”

ಅತ್ತೆ ಪ್ರಾಯದಲ್ಲಿ ಬೀದಿಬೀದಿ ಸುತ್ತಿ ಮೀನು ಮಾರಿದವರು. ಅವರು ತಿರುವಿನಲ್ಲಿ ಕೂಗಿದರೆ ಬೀದಿಯ ಆ ತುದಿಯ ಬೆಕ್ಕುಗಳೂ ಎದ್ದು ಬರುತ್ತಿದ್ದವಂತೆ. ಮರುದಿನವೇ ಸೊಸೆಯನ್ನು ತಾರಸಿಗೆ ಎಳೆದುಕೊಂಡು ಹೋದರು.

“ನೀನು ಗಂಟಲಲ್ಲಿ ಕಿರುಚ್ತೀಯ. ಹೊಟ್ಟೆಯಿಂದ ಎತ್ತು. ಸಿಟ್ಟು ಮಾಡ್ಕೋಬೇಡ, ದನಿ ಒಡೆಯುತ್ತೆ. ಕರೆದ್ರೆ ಬಂದೇ ಬರ್ತಾರೆ ಅನ್ನೋ ಧೈರ್ಯ ಇರ್ಲಿ.”

“ಜನ ಏನಂದ್ಕೋತಾರೆ ಅತ್ತೆ?”

“ನನ್ನನ್ನೂ ಏನೇನೋ ಅಂದ್ಕೊಂಡ್ರು. ಬುಟ್ಟಿ ಮಾತ್ರ ಖಾಲಿಯಾಗ್ತಿತ್ತು.”

ಮೊದಮೊದಲು ಅವಳಿಗೆ ನಾಚಿಕೆಯಿಂದ ಜೀವ ಹಿಡಿಯಷ್ಟಾಗುತ್ತಿತ್ತು. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಅತ್ತೆ ಬಿಡಲಿಲ್ಲ. ಒಂದು ಬೆಳಗ್ಗೆ ಅವಳು “ನಿಲ್!” ಎಂದದ್ದೇ ತಡ, ಕೆಳಗೆ ಬೀದಿಯಲ್ಲಿ ಹೋಗುತ್ತಿದ್ದ ಅಂಚೆಯವನು ಗಕ್ಕನೆ ಬ್ರೇಕು ಹಾಕಿ ಸೈಕಲ್ಲಿನಿಂದ ಇಳಿದೇಬಿಟ್ಟ. “ನಾನೇನು ಮಾಡ್ದೆ ತಾಯಿ?” ಎಂದು ಮೇಲೆ ನೋಡಿದ. ಅತ್ತೆ ಚಪ್ಪಾಳೆ ತಟ್ಟಿ ನಕ್ಕರು.

ಮುಂದಿನ ತರಬೇತಿಯಲ್ಲಿ ದಳ ನಿಲ್ಲಬೇಕಾದ ಕಡೆಯೇ ನಿಂತಿತು. ಸಂದರ್ಶನದಲ್ಲಿ ಒಬ್ಬ ಅಧಿಕಾರಿ ಕೇಳಿದರು, “ನಿನ್ನ ಜೊತೆಯವರೇ ನಾಳೆ ನಿನ್ನ ಮಾತು ಕೇಳದೆ ಹೋದ್ರೆ?”

ಅವಳು ಹೇಳಿದಳು, “ಯಾಕೆ ಅಂತ ಕೇಳ್ತೀನಿ ಸಾರ್. ಅವರದ್ದೇ ಸರಿ ಇದ್ರೂ ಇರಬಹುದು.”

ಆಯ್ಕೆಯೇನೋ ಆಯಿತು, ಜಾಗ ಬೇಕಲ್ಲ! ಶೆಡ್ಡಿನ ಹಳೆಯ ಸಾರ್ಜೆಂಟ್ ನಿವೃತ್ತಿಯಾಗಬೇಕಿತ್ತು. ಅವಳ ಜೊತೆಗೇ ಸೇನೆಗೆ ಸೇರಿದ್ದ, ಚಕ್ರದ ಕೆಲಸದ ಟೈರಣ್ಣ ದಿನಾ ಹೋಗಿ ವಿಚಾರಿಸುತ್ತಿದ್ದ, “ಸಾರ್, ಮಂಡಿನೋವು ಹೇಗಿದೆ?” ಮುದುಕ ಗುರ್ ಎನ್ನುತ್ತಿದ್ದ, “ನಿನ್ನ ಮಂಡಿಗಿಂತ ಗಟ್ಟಿಯಾಗಿದೆ, ಹೋಗೋ!” ಕೊನೆಗೂ ಮುದುಕನ ಬೀಳ್ಕೊಡುಗೆ ಆಯಿತು. ಹೊಸ ಪಟ್ಟಿಯನ್ನು ಅವಳ ತೋಳಿಗೆ ತಾನೇ ಪಿನ್ನು ಹಾಕಿ ಕೂರಿಸಿ, ಕಣ್ಣು ಒರೆಸಿಕೊಂಡು ಹೋದ.

ಸಾರ್ಜೆಂಟ್ ಆದ ಮೊದಲ ಬೆಳಗ್ಗೆ ಶೆಡ್ಡಿಗೆ ಕಾಲಿಟ್ಟರೆ, ಟೈರಣ್ಣ ಬರೀ ಜಾಕಿನ ಮೇಲೆ ಲಾರಿ ಎತ್ತಿ ಅದರ ಕೆಳಗೆ ನುಸುಳುತ್ತಿದ್ದಾನೆ. ಜಾಕು ಜಾರಿದರೆ ಮುಗಿಯಿತು.

“ಟೈರಣ್ಣ, ಈಚೆ ಬಾ. ಮರದ ದಿಮ್ಮಿ ಆಸರೆ ಕೊಟ್ಟು ಹೋಗು.”

ಅವನು ನಕ್ಕ. “ಇಷ್ಟು ವರ್ಷ ನಾವಿಬ್ರೂ ಹೀಗೇ ಮಾಡಿಲ್ವಾ?”

ಶೆಡ್ಡಿನ ಸುತ್ತಿಗೆಗಳೆಲ್ಲ ಸುಮ್ಮನಾದವು. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ.

“ಮಾಡಿದ್ವಿ. ತಪ್ಪು ಮಾಡಿದ್ವಿ. ಏನಾದ್ರೂ ಆದ್ರೆ ನಿನ್ನ ಹೆಂಡ್ತಿಗೆ ನಾನು ಮುಖ ತೋರಿಸಬೇಕಲ್ಲ!”

ಕೂಗದೆಯೇ ಹೇಳಿದಳು. ಅವನು ಮುಖ ಊದಿಸಿಕೊಂಡು ದಿಮ್ಮಿ ತಂದು ಇಟ್ಟ. ಮಧ್ಯಾಹ್ನ ಅವಳು ಸಾರ್ಜೆಂಟರ ಊಟದ ಕೋಣೆಯಲ್ಲಿ, ಇನ್ನೂ ಪರಿಚಯವಾಗದವರ ನಡುವೆ ಕೂತು ತುತ್ತು ನುಂಗಿದಳು. ನಿನ್ನೆಯವರೆಗೆ ತಾನು ಉಣ್ಣುತ್ತಿದ್ದ ಮೇಜಿನ ಗಲಾಟೆ ಗೋಡೆಯಾಚೆಯಿಂದ ಕೇಳುತ್ತಿತ್ತು.

ಸಂಜೆ ಕೈಯ ಗ್ರೀಸು ಒರೆಸಿಕೊಳ್ಳುತ್ತ ಟೈರಣ್ಣ ಅವಳ ಮೇಜಿನ ಮುಂದೆ ಬಂದು ನಿಂತ. “ಮುಂದಿನ ತರಬೇತಿಗೆ ನನ್ನ ಹೆಸರೂ ಕಳಿಸ್ತೀಯಾ... ಕಳಿಸ್ತೀರಾ?”

“ಓಟದ ಪರೀಕ್ಷೆ ಇದೆ, ಗೊತ್ತಲ್ಲ?”

ಅವನು ಹೊಟ್ಟೆ ಸವರಿಕೊಂಡ. “ಇದನ್ನ ಇಲ್ಲೇ ಬಿಟ್ಟು ಓಡ್ಬಹುದಾ?”

ಇಬ್ಬರೂ ಬಿದ್ದು ಬಿದ್ದು ನಕ್ಕರು. ಮರುದಿನ ಬೆಳಗ್ಗೆಯಿಂದ ಮೈದಾನದ ಸುತ್ತ ಅವಳು ಮುಂದೆ ಓಡುತ್ತಿದ್ದರೆ, ಏದುಸಿರು ಬಿಡುತ್ತ, ಅವಳನ್ನೂ ಸೈನ್ಯವನ್ನೂ ಒಟ್ಟಿಗೇ ಬೈಯುತ್ತ ಅವನು ಹಿಂದೆ ಬರುತ್ತಿದ್ದ.