ಇಸ್ತ್ರಿ ಮಾಡಿದ ಮಾಸ್ಕ್

ನಮ್ಮಣ್ಣ ಇಸ್ತ್ರಿ ಅಂಗಡಿಯವನು. ಮೂವತ್ತು ವರ್ಷದಿಂದ ಕಂಡವರ ಅಂಗಿಯ ಕೊಳೆ ನೋಡಿ ನೋಡಿ ಅವನಿಗೊಂದು ಕಾಯಿಲೆ ಅಂಟಿಕೊಂಡಿದೆ. ಕೊಳೆಯಾದದ್ದನ್ನೆಲ್ಲ ತೊಳೆಯಬೇಕು, ತೊಳೆದದ್ದನ್ನೆಲ್ಲ ಇಸ್ತ್ರಿ ಮಾಡಬೇಕು. ಒಂದು ಸಲ ನನ್ನ ಮಗಳ ಗೊಂಬೆಯ ಲಂಗಕ್ಕೂ ಗರಿಗರಿಯಾಗಿ ಮಡಿಕೆ ಹಾಕಿ ಕಳಿಸಿದ್ದ. ಇದೊಂದು ಬಿಟ್ಟರೆ ಚಿನ್ನದಂಥ ಮನುಷ್ಯ. ನನ್ನ ತಲೆ ಚಿಟ್ಟು ಹಿಡಿಸೋಕೆ ಇದೊಂದೇ ಸಾಕು ಬಿಡಿ.

ಗುಡ್ಡದ ಕಾಡಿಗೆ ಬೆಂಕಿ ಬಿದ್ದಾಗ ಮನೆಗಳು ಹೇಗೋ ಉಳಿದವು. ಬೂದಿ ಮಾತ್ರ ಯಾರನ್ನೂ ಬಿಡಲಿಲ್ಲ. ಗುಡ್ಡದ ಬುಡದಲ್ಲಿರೋ ಅಣ್ಣನ ಮನೆಯಲ್ಲಂತೂ ಕಿಟಕಿ ಸಂದಿ, ಫ್ಯಾನಿನ ರೆಕ್ಕೆ, ದಿಂಬಿನ ಚೀಲ ಎಲ್ಲ ಬೂದಿ. ಅತ್ತಿಗೆಗೆ ಮೊದಲೇ ಅಸ್ತಮಾ. ಮನೆ ಪೂರ್ತಿ ಶುಚಿಯಾಗೋವರೆಗೂ ಆಕೆ ಅಲ್ಲಿ ಕಾಲಿಡಬಾರದು ಅಂತ ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ದೂರದ ನಮ್ಮ ಮನೆಗೆ ಕರೆತಂದೆ. ಹೆಂಡತಿಯನ್ನು ಬಿಟ್ಟು ಒಂದು ದಿನ ಇದ್ದು ಗೊತ್ತಿಲ್ಲದ ಆಸಾಮಿ, ಮಾರನೇ ದಿನವೇ ಫೋನ್ ಮಾಡಿದ. "ನಾಳೆ ಕಳಿಸೇ, ಗುಡಿಸಿಬಿಟ್ಟಿದೀನಿ."

ಹೋಗಿ ನೋಡಿದರೆ ಒಣಬೂದಿಯನ್ನು ಪೊರಕೆಯಲ್ಲಿ ಗುಡಿಸ್ತಾ ನಿಂತಿದಾನೆ. ನೆಲದ ಮೇಲಿದ್ದದ್ದೆಲ್ಲ ಗಾಳಿಗೇರಿದೆ. ಬೂದಿಗೆ ಮೊದಲು ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಎನ್ ತೊಂಬತ್ತೈದು ಮಾಸ್ಕ್ ಇಲ್ಲದೆ ಕೈ ಹಚ್ಚಬೇಡಿ ಅಂತ ನರ್ಸಮ್ಮ ಮನೆಮನೆಗೂ ಬಂದು ಗಂಟಲು ಹರಿದುಕೊಂಡಿದ್ದಳು. ಮಾಸ್ಕನ್ನೂ ಕೊಟ್ಟು ಹೋಗಿದ್ದಳು.

"ಮಾಸ್ಕ್ ಎಲ್ಲೋ ಅಣ್ಣ?"

"ಒಣಗ್ತಾ ಇದೆ."

ಹಿತ್ತಲ ಹಗ್ಗದ ಮೇಲೆ, ಕ್ಲಿಪ್ಪು ಹಾಕಿ, ಸಾಲಾಗಿ ಮೂರು ಮಾಸ್ಕ್. ಸೋಪಿನಲ್ಲಿ ನೆನೆಸಿ ತೊಳೆದಿದ್ದನಂತೆ. ನಾಲ್ಕನೆಯದು ಮೇಜಿನ ಮೇಲಿತ್ತು, ಇಸ್ತ್ರಿಯಾಗಿ, ಹಪ್ಪಳದ ಹಾಗೆ ಚಪ್ಪಟೆ. "ಮೇಲೊಂದು ಬಟ್ಟೆ ಹಾಸಿ, ಹದವಾದ ಶಾಖದಲ್ಲೇ ಮಾಡಿದ್ದು" ಅಂದ, ನಾನೇನೋ ಹೊಗಳ್ತೀನಿ ಅನ್ನೋ ಮುಖದಲ್ಲಿ.

ನನಗೆ ಎಲ್ಲಿತ್ತೋ ಸಿಟ್ಟು. ತೊಳೆದ ಮಾಸ್ಕ್ ಸಣ್ಣ ಬೂದಿಯನ್ನು ತಡೆಯಲ್ಲ, ಕೊಳೆಯಾದರೆ ಎಸೆದು ಹೊಸದು ಹಾಕ್ಕೋ ಅಂತ ಬಿಡಿಸಿ ಬಿಡಿಸಿ ಹೇಳಿದೆ. ಹತ್ತು ಹೊಸ ಮಾಸ್ಕಿನ ಪೊಟ್ಟಣ ಕೈಗಿಟ್ಟೆ. ಚೊಕ್ಕವಾಗಿರೋದನ್ನ ಎಸೀ ಅಂತೀಯಲ್ಲ ಅಂತ ಗೊಣಗಿದರೂ ತಗೊಂಡ. ಪೊರಕೆಯನ್ನೂ ಕಿತ್ತುಕೊಂಡು ಬಂದೆ.

ಆಮೇಲೆ ಒರೆಸೋದು ಶುರುವಾಯಿತು. ಶುಚಿಯಾಯಿತೋ ಇಲ್ಲವೋ ನೋಡೋಕೆ ಅವನದೇ ಒಂದು ಲೆಕ್ಕಾಚಾರ. ಬೆಳಿಗ್ಗೆ ಕೋಣೆಯಲ್ಲೊಂದು ಬಿಳಿ ಅಂಗಿ ನೇತುಹಾಕೋದು, ಸಂಜೆ ಕಾಲರ್ ಉಜ್ಜಿ ನೋಡೋದು. ನರ್ಸಮ್ಮನ ಮಾತು ನಂಬದವನು ಅಂಗಿಯ ಮಾತು ನಂಬಿದ. ದಿನಾ ಸಂಜೆ ಅತ್ತಿಗೆ ಫೋನ್ ಹಿಡಿದು ಕಾಯೋರು. "ಇವತ್ತೂ ಬೂದು ಬಣ್ಣ. ಬರಬೇಡ ಕಣೆ" ಅನ್ನೋವಾಗ ಅವನ ದನಿ ಕೇಳೋಕಾಗ್ತಿರಲಿಲ್ಲ. ಮಧ್ಯೆ ಮಧ್ಯೆ ಕೆಮ್ಮು. ಏನೋ ಅದು ಅಂದರೆ ಥಂಡಿ ಅಂದ. ನಾನೂ ನಂಬಿದೆ, ನನ್ನ ಬುದ್ಧಿಗಿಷ್ಟು.

ಹನ್ನೊಂದನೇ ದಿನ ಬೆಳಿಗ್ಗೆ ಬಾಗಿಲಲ್ಲಿ ಅಣ್ಣ. ಕೈಯಲ್ಲಿ ಮಡಿಸಿದ ಬಿಳಿ ಅಂಗಿ. ಅತ್ತಿಗೆಯ ಮುಂದೆ ಹಿಡಿದ. "ನೋಡೇ, ಒಂದು ಚುಕ್ಕೆ ಇಲ್ಲ. ಹೊರಡು." ಚೀಲದಿಂದ ಒಂದು ಪೊಟ್ಟಣ ತೆಗೆದು ಅತ್ತಿಗೆಗೆ ಕೊಟ್ಟ. "ದಾರಿಯಲ್ಲಿ ಹಾಕ್ಕೋ. ನಿನಗೇ ಅಂತ ಎತ್ತಿಟ್ಟಿದ್ದೆ."

ನಾನು ಕೊಟ್ಟ ಪೊಟ್ಟಣ. ಸೀಲು ಕೂಡ ಒಡೆದಿರಲಿಲ್ಲ.

ನಾನು ಬಾಯಿ ತೆರೆಯೋ ಮೊದಲೇ ಅವನಿಗೆ ಕೆಮ್ಮು ಹತ್ತಿತು. ಬಾಗಿಲು ಹಿಡಿದು ಬಗ್ಗಿಬಿಟ್ಟ. ಬೇರೇನೂ ಸಿಗದೆ ಕೈಯಲ್ಲಿದ್ದ ಅಂಗಿಯನ್ನೇ ಬಾಯಿಗೆ ಒತ್ತಿಕೊಂಡ. ತೆಗೆದಾಗ ಅದರ ಮೇಲೆ ಕಾಡಿಗೆಯ ಹಾಗೆ ಕಪ್ಪು ಕಫ. ಕಲೆ ಕಂಡದ್ದೇ ಅದನ್ನು ಬೇಗ ಬೇಗ ಮಡಿಸೋಕೆ ಹೋದ.

ಅತ್ತಿಗೆ ಅಂಗಿ ಕಿತ್ತುಕೊಂಡರು. ನಾನು ಹತ್ತು ದಿನ ಕೂಗಾಡಿದವಳು, ಆಕೆ ಒಂದು ಸಲವೂ ದನಿ ಏರಿಸಲಿಲ್ಲ.

"ಮನೆ ಶುಚಿಯಾಯ್ತು, ಸರಿ. ಅಷ್ಟೂ ಬೂದಿ ಎಲ್ಲಿಗೆ ಹೋಯ್ತು ಅಂತ ನೋಡಿದ್ರಾ ರೀ?"

ಆಕೆ ಚಪ್ಪಲಿ ಮೆಟ್ಟಿ, ಅವನ ರಟ್ಟೆ ಹಿಡಿದು, ಆಸ್ಪತ್ರೆಯ ದಾರಿಗೆ ತಿರುಗಿದರು. ಅಂಗಿ ಆಕೆಯ ಕೈಯಲ್ಲೇ ಇತ್ತು, ಡಾಕ್ಟರಿಗೆ ತೋರಿಸೋಕೆ. ಇವನು ದಾರಿಯುದ್ದಕ್ಕೂ ಅದನ್ನೇ ನೋಡ್ತಿದ್ದ. "ತೊಳೀಬೇಡ ಕಣೋ" ಅಂದೆ. ಜೀವಮಾನದಲ್ಲಿ ಮೊದಲನೇ ಸಲ ನನ್ನ ಮಾತು ಕೇಳಿದ.