ಕಾಣದ ಬೆಳಕಿಗೂ ಬಟನ್ ಒತ್ತಿದ ಅವ್ವ

ಬೆಳಿಗ್ಗೆ ಆರೂವರೆ. ಗೋಕಾಕದ ಪುಟ್ಟ ಕಣ್ಣಾಸ್ಪತ್ರೆಯ ಕತ್ತಲೆ ಕೋಣೆ. ಧುಪದಾಳದಿಂದ ಮೊದಲ ಬಸ್ಸಿಗೆ ಬಂದ ಕುರಿಗಾರ ಬೀರಸಿದ್ದಪ್ಪ, ಬಿಳಿ ಬೋಗುಣಿಯಂಥ ಯಂತ್ರಕ್ಕೆ ಗದ್ದ ಊರಿ ಕೂತಿದ್ದಾರೆ. ನಡುವಿನ ಚುಕ್ಕಿಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಕೈಯಲ್ಲಿನ ಬಟನ್ ಒತ್ತಬೇಕು. ಅವರೋ ಟಕಟಕ ಒತ್ತುತ್ತಲೇ ಇದ್ದಾರೆ. ಪರೀಕ್ಷೆ ಮಾಡಿಸುವ ಆಮ್ರಪಾಲಿ ಯಂತ್ರ ನಿಲ್ಲಿಸುತ್ತಾರೆ.

“ಕಾಕಾ, ಮಶಿನ್ ಸಪ್ಪಳಕ್ಕ ಒತ್ತಾಕತ್ತೀರಿ. ಕಂಡ್ರಷ್ಟ ಒತ್ರಿ.”

“ಕಾಣಲಿಲ್ಲಂದ್ರ ನಪಾಸ ಆಗ್ತೇನಲ್ಲ ಯವ್ವಾ?”

“ಇದರಾಗ ಪಾಸು-ನಪಾಸು ಇಲ್ರಿ. ಖರೇ ಹೇಳಿದ್ರ ಸಾಕು.”

ಇಲ್ಲಿಗೆ ಬರುವ ಬಹಳ ಜನರಿಗೆ ಇದೇ ಅಂಜಿಕೆ. ಗ್ಲಾಕೋಮಾದಲ್ಲಿ ನೋಟ ಸದ್ದಿಲ್ಲದೆ ಅಂಚಿನಿಂದ ಸವೆಯುತ್ತ ಬರುತ್ತದೆ. ಹೋದದ್ದು ಹೋಯಿತು, ಉಳಿದದ್ದನ್ನು ಕಾಯಬಹುದು ಅಷ್ಟೆ. ಎಷ್ಟು ಹೋಗಿದೆ ಎಂದು ತಿಳಿಯುವ ಪರೀಕ್ಷೆಯಲ್ಲೇ ಸುಳ್ಳು ಹೇಳಿದರೆ ವೈದ್ಯರಾದರೂ ಏನು ಮಾಡಿಯಾರು?

ಮಮದಾಪುರದ ಆಮ್ರಪಾಲಿಗೆ ಈ ಕೋಣೆಯಲ್ಲಿ ಒಂಬತ್ತು ವರ್ಷ. ದಿನಕ್ಕೆ ಹದಿನಾಲ್ಕು ಜನ, ಒಂದೊಂದು ಕಣ್ಣಿಗೆ ಏಳೆಂಟು ನಿಮಿಷ. ಮೂಡಲಗಿ, ಹುಕ್ಕೇರಿಯ ಶಿಬಿರಗಳಿಗೆ ಯಂತ್ರ ಒಯ್ಯಲಾಗದು. ಅಲ್ಲಿ ಎದುರು ಕೂತು, ಬದಿಯಿಂದ ಬೆರಳು ತಂದು, ಎಷ್ಟು ಕಾಣುತ್ತವೆ ಎಂದು ಕೇಳುತ್ತಾರೆ. ಇಲ್ಲಿ ಯಂತ್ರ ಕೊಡುವ ಚಾರ್ಟ್ ನಂಬುವಂತಿಲ್ಲದಿದ್ದರೆ, ಸಾಲು ಬಾಗಿಲಾಚೆ ಬೆಳೆದಿದ್ದರೂ, ಮರಳಿ ಮಾಡಿಸುತ್ತಾರೆ. ಜನ ಬೈಯುತ್ತಾರೆ. ಆಮ್ರಪಾಲಿ ಬೈಸಿಕೊಳ್ಳುತ್ತಾರೆ.

ಈ ಹಟ ಎಲ್ಲಿಂದ ಬಂತು ಎಂದು ಕೇಳಿದೆ. ಆಮ್ರಪಾಲಿ ಯಂತ್ರದ ಗದ್ದ ಊರುವ ಪಟ್ಟಿ ಒರೆಸುತ್ತ ಹೇಳಿದರು.

“ಕೆಲಸಕ್ಕ ಸೇರಿದ ಮೊದಲನೇ ವಾರ ನಮ್ಮವ್ವನ್ನ ಕೂಡಿಸಿದ್ನಿರಿ. ಎಲ್ಲಾದಕ್ಕೂ ಒತ್ತಿದ್ಲು. ನಂಬೂಹಂಗಿಲ್ಲಂತ ಚಾರ್ಟಿನ್ಯಾಗ ಬಂದಿತ್ತು, ನೋಡೀನಿ. ಹೊಲದಾಗ ದುಡದು ದಣದು ಬಂದಾಳ, ಮತ್ತ ಯಾಕ ಕಾಡೂದಂತ ಬಿಟ್ನಿ. ಡಾಕ್ಟರಿಗೆ ಛಲೋ ಐತಿ ಅಂದ್ನಿ.”

ಎರಡು ವರ್ಷದ ಮೇಲೆ ಅವ್ವ ಸಾತವ್ವ ದಿನಾ ಓಡಾಡುವ ಹೊಲದ ಬದುವಿನಲ್ಲೇ ಎಡವಿ ಬಿದ್ದರು. ಅಷ್ಟರಲ್ಲಿ ಎರಡೂ ಬದಿಯ ನೋಟ ಹೋಗಿತ್ತು. ಯಾಕೆ ಹಾಗೆ ಒತ್ತಿದಿರಿ ಎಂದರೆ ಸಾತವ್ವ ಹೇಳುವುದಿಷ್ಟು: “ಮಗಳ ಹೊಸಾ ನೌಕರಿ ಇತ್ತರಿ. ನಾನ ನಪಾಸಾದ್ರ ಡಾಕ್ಟರ್ ಮುಂದ ಅಕಿ ಮಾನ ಏನ್ ಉಳಿತೈತಿ?”

ಹೋದ ತಿಂಗಳು ಸಾತವ್ವನಿಗೆ ಮತ್ತೆ ಪರೀಕ್ಷೆ. ಈ ಸಲ ಅವರು ಸುಳ್ಳು ಒತ್ತಲಿಲ್ಲ. ಬೆಳಕು ಮಿನುಗುತ್ತಲೇ ಇತ್ತು, ಬಟನ್ ಸುಮ್ಮನಿತ್ತು. ಮುಗಿದ ಮೇಲೆ ಗದ್ದ ಎತ್ತಿ ಕೇಳಿದರಂತೆ: “ಇವತ್ತ ಖರೇನ ಹೇಳೀನವ್ವಾ. ಪಾಸಾದ್ನೇನ?”

“ಪಾಸಬೇ ಯವ್ವಾ, ಪೈಲಾ ನಂಬರ್ ಅಂದ್ನಿರಿ,” ಎನ್ನುತ್ತಾರೆ ಆಮ್ರಪಾಲಿ. “ಕೋಣ್ಯಾಗ ಕತ್ತಲಿ ಇದ್ದದ್ದ ಛಲೋ ಆತು. ನನ್ನ ಮಾರಿ ಅವ್ವಗ ಕಾಣಲಿಲ್ಲ.”