ಕೊಂಡುಕುರಿ ಓಡುವ ಜಾಗ

ಇವತ್ತು ಹೊನ್ನಾಳಿಗೆ ಬಂದಿಳಿದಾಗ ಕಾರ್ಯಕ್ರಮಕ್ಕೆ ಇನ್ನೂ ಹೊತ್ತಿತ್ತು. ರಸ್ತೆ ಬದಿಯ ತಂಗುದಾಣದಲ್ಲಿ ಕೂತೆ. ತಲೆಯ ಮೇಲೊಂದು ಫ್ಯಾನು ತಿರುಗುತ್ತಿತ್ತು. ಕರೆಂಟು ಹೋಗಿ ಅದು ಮೆಲ್ಲಗೆ ನಿಂತಾಗ ಮೂರು ರೆಕ್ಕೆಗಳ ಮೇಲೆ ದಾನಿಯ ಹೆಸರು, ಅವರ ತಂದೆಯ ಹೆಸರು, ಅಂಗಡಿಯ ಹೆಸರು ಒಂದೊಂದಾಗಿ ಕಂಡವು. ಎಂಥ ಏರ್ಪಾಡು ನೋಡಿ! ಗಾಳಿ ಬರುವಾಗ ಹೆಸರು ಕಾಣದು, ಹೆಸರು ಕಾಣುವಾಗ ಗಾಳಿ ಬಾರದು. ಪಕ್ಕದಲ್ಲಿ ಕೂತಿದ್ದ ಮುದುಕಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಯಾವನೋ ಪುಣ್ಯಾತ್ಮ ರೆಕ್ಕೆ ತುಂಬಾ ಹೆಸ್ರು ಬರ್ಸ್ಯಾನೆ. ಭಾರಕ್ಕೆ ನಿಂತಿರ್ಬೇಕು" ಅಂದಳು. ನಕ್ಕೆ. ಪೂರ್ತಿ ನಗಲಾಗಲಿಲ್ಲ. ಆ ಅಕ್ಷರಗಳು ನನ್ನವೇ.

ನಾನು ನ್ಯಾಮತಿಯ ಪೇಂಟರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹಾಗಂತ ನನ್ನ ಬೋರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೆ ತೋರಿಸಿ, ಬ್ರಷ್ಷು ಕೆಳಗಿಡುತ್ತೇನೆ. ಚನ್ನಗಿರಿಯಿಂದ ಜಗಳೂರಿನವರೆಗೆ ದಾನಿಗಳ ಹೆಸರು ಬರೆದೇ ಮನೆ ನಡೆಸಿದ್ದೇನೆ, ಆದ್ದರಿಂದ ಆ ಕುಲದ ಗುಣ ನನಗೆ ಚೆನ್ನಾಗಿ ಗೊತ್ತು. ಗುಡಿಗೆ ಟ್ಯೂಬ್‌ಲೈಟ್ ಕೊಡುತ್ತಾರೆ; ಬೆಳಕು ಬರುವ ಜಾಗದಲ್ಲೇ ಕರೀ ಬಣ್ಣದಲ್ಲಿ ಹೆಸರು ಬರೆಸುತ್ತಾರೆ. ದೇವರಿಗೆ ಕತ್ತಲೆ, ಇವರಿಗೆ ಕೀರ್ತಿ. ಸವಳಂಗದ ಕಡೆಯ ಒಬ್ಬರು ಸ್ಮಶಾನಕ್ಕೆ ಕಬ್ಬಿಣದ ಗೇಟು ಕೊಟ್ಟರು. ಹೊರಗಡೆ ಹೆಸರು ಬರೆದಾದ ಮೇಲೆ ಒಳಗಡೆಗೂ ಬರೆ ಎಂದರು.

"ಒಳಗಿರೋರು ಓದ್ತಾರೇನ್ರಿ?" ಅಂತ ಕೇಳಿದೆ.

"ಹೊತ್ಕೊಂಡು ಬಂದೋರು ವಾಪಸ್ ಹೋಗುವಾಗ ಓದ್ಲಿ ಬಿಡಯ್ಯ" ಎಂದರು.

ಬರೆದೆ. ನಮ್ಮದೇನು, ಹೇಳಿದ್ದನ್ನು ದುಂಡಗೆ ಬರೆಯುವ ಕೆಲಸ. ಬರೆಯುವುದಿಲ್ಲ ಎಂದು ಜನ್ಮದಲ್ಲಿ ಯಾರಿಗೂ ಹೇಳಿದವನಲ್ಲ, ಚೇತನಾಳ ಚಿತ್ರದ ಎದುರು ನಿಲ್ಲುವವರೆಗೆ.

ಚೇತನಾ ನಮ್ಮ ಓಣಿಯ ಹುಡುಗಿ. ಇಪ್ಪತ್ತರ ಆಸುಪಾಸಿನ ವಯಸ್ಸು. ತಾಯಿ ಗಿರಿಜಮ್ಮ ಬಟ್ಟೆ ಹೊಲಿಯುತ್ತಾರೆ. ಆಟಿಸಂ ಎಂದು ಡಾಕ್ಟರು ಸಣ್ಣವಳಿದ್ದಾಗಲೇ ಹೇಳಿದ್ದರಂತೆ. ಓಣಿಯವರಿಗೆ ಆ ಮಾತು ನಾಲಿಗೆಗೆ ಹತ್ತಲಿಲ್ಲ. "ಒಂಥರಾ ಹುಡುಗಿ" ಎಂದು ತಾವೇ ಸರ್ಟಿಫಿಕೇಟು ಕೊಟ್ಟುಕೊಂಡರು. ಮುಖ ನೋಡಿ ಮಾತಾಡುವುದಿಲ್ಲವಂತೆ. ಮುಖ ನೋಡಿ ಮಾತಾಡುವವರು ನನಗೆ ಹೇಳಿದ ಸುಳ್ಳುಗಳನ್ನು ಬರೆಯಲು ಊರಿನ ಗೋಡೆ ಸಾಲದು, ಇರಲಿ.

ಅವಳು ಬರೆಯುವುದು ಕಾಡಿನ ಪ್ರಾಣಿಗಳ ಚಿತ್ರ ಮಾತ್ರ. ಉಡ, ನರಿ, ತೋಳ, ಎಲ್ಲಕ್ಕಿಂತ ಹೆಚ್ಚಾಗಿ ಕೊಂಡುಕುರಿ. ಕುರಿ ಎಂದು ಹೆಸರಷ್ಟೇ. ಅದು ಜಿಂಕೆಯನ್ನು ಹೋಲುವ ಪುಟ್ಟ, ಪುಕ್ಕಲು ಪ್ರಾಣಿ, ಗಂಡಿಗೆ ನಾಲ್ಕು ಕೊಂಬು. ಜಗಳೂರಿನ ಕುರುಚಲು ಕಾಡಿನಲ್ಲಿದೆ. ಅವಳ ಸೋದರಮಾವನ ಊರು ಸೊಕ್ಕೆ. ಬೇಸಿಗೆಗೆ ಅಲ್ಲಿಗೆ ಹೋದಾಗ ಮಾವ ಕಾಡಂಚಿಗೆ ಕರೆದುಕೊಂಡು ಹೋಗಿ ಒಂದನ್ನು ತೋರಿಸಿದ್ದನಂತೆ. ಬತ್ತಿದ ಗುಂಡಿಯ ಕೆಸರನ್ನು ಅದು ನೆಕ್ಕುತ್ತಿತ್ತಂತೆ. ಮನೆಗೆ ಬಂದವಳು ಊಟ ಬಿಟ್ಟಳು. ಆಮೇಲೆ ತಾಯಿಗೆ ಹೇಳಿದಳು: "ಚಿತ್ರ ಮಾರು. ನೀರು ಇಡು." ದಾನಧರ್ಮದ ಮೇಲೆ ನಾನು ಕೇಳಿದ ಭಾಷಣಗಳಲ್ಲೆಲ್ಲ ಇಷ್ಟು ಚಿಕ್ಕದನ್ನೂ ಇಷ್ಟು ಪೂರ್ತಿಯಾದುದನ್ನೂ ಕೇಳಿಲ್ಲ.

ಬರೆಯಲು ಅವಳಿಗೆ ಬಟ್ಟೆ ಆಗದು, ಪ್ಲೈವುಡ್ ಹಲಗೆಯೇ ಬೇಕು. ಅದಕ್ಕೆ ಬಿಳೀ ಪ್ರೈಮರ್ ಬಳಿದು ಕೊಡುವ ಕೆಲಸ ನನ್ನದಾಯಿತು. ಮೊದಲ ಹಲಗೆಯನ್ನು ಕೈಯ ಹಿಂಭಾಗದಿಂದ ಸವರಿ, "ಗರ್ ಅಂತೈತೆ" ಎಂದು ವಾಪಸ್ಸು ತಳ್ಳಿದಳು. ನನಗೆ ಉರಿದುಹೋಯಿತು.

"ಗಿರಿಜಮ್ಮಾರೇ, ನನ್ನ ಕೈಗೆ ಹೆಸರಿಟ್ಟೋರು ಈ ತಾಲ್ಲೂಕಿನಾಗೆ ಹುಟ್ಟಿಲ್ಲ."

"ಈಗ ಹುಟ್ಟ್ಯಾಳಲ್ಲಣ್ಣ, ಉಜ್ಜಿ ಕೊಡ್ರಿ" ಎಂದರು ಆಕೆ, ಬಾಯಲ್ಲಿ ಕಚ್ಚಿದ್ದ ದಾರ ಬಿಡದೆ.

ಉಜ್ಜಿದೆ. ಮತ್ತೆ ತಳ್ಳಿದಳು. ಮತ್ತೆ ಉಜ್ಜಿದೆ. ಕೊನೆಗೊಮ್ಮೆ ಹಲಗೆಗೆ ಕೆನ್ನೆಯಿಟ್ಟು ಸುಮ್ಮನೆ ನಿಂತಳು. ಆವತ್ತು ನಾನು ಮನೆಗೆ ಹೋದ ಗತ್ತು ನೋಡಬೇಕಿತ್ತು ನೀವು, ಪ್ರಶಸ್ತಿ ಬಂದವನ ಹಾಗೆ.

ಚಿತ್ರಗಳ ಮಾರಾಟವನ್ನು ಚನ್ನಗಿರಿಯ ಕೆಲವು ದೊಡ್ಡವರು ಸಮುದಾಯ ಭವನವೊಂದರಲ್ಲಿ ಏರ್ಪಡಿಸಿದರು. ಬ್ಯಾನರಿನಲ್ಲಿ ಅತಿಥಿಗಳ ಮುಖಗಳು ಕುಂಬಳಕಾಯಿಯಷ್ಟು, ಚೇತನಾಳದು ನಿಂಬೆಹಣ್ಣಿನಷ್ಟು. ಮೈಕು ಹಿಡಿದವರೆಲ್ಲ "ದೇವರ ಮಗು" ಎಂದರು. ದೇವರ ಮಗುವಿಗೆ ಮೈಕಿನ ಸದ್ದು ಆಗುವುದಿಲ್ಲ, ಸ್ವಲ್ಪ ಕಮ್ಮಿ ಮಾಡ್ರಿ ಎಂದು ಗಿರಿಜಮ್ಮ ಕೈಮುಗಿದು ಕೇಳಿದರೆ, "ಇನ್ನೇನು ಮುಗೀತಮ್ಮ" ಎಂದು ಇನ್ನೊಬ್ಬರನ್ನು ಭಾಷಣಕ್ಕೆ ಕರೆದರು. ಯಾರೋ ಹಿಂದಿನಿಂದ ಬಂದು ಅವಳ ಮೇಲೆ ಶಾಲು ಹೊದಿಸಿದರು. ಅವಳು ಮೈಮೇಲೆ ಕೆಂಡ ಬಿದ್ದವಳಂತೆ ಅದನ್ನು ಕೊಡವಿ, ಕಿವಿ ಮುಚ್ಚಿಕೊಂಡು ವೇದಿಕೆಯ ಮೂಲೆಯಲ್ಲಿ ಕೂತಳು. ಶಾಲಿಗೆ ಅವಮಾನವಾಯಿತೆಂದು ಮುಂದಿನ ಸಾಲು ಗುಸುಗುಸು ಎಂದಿತು. ನಮ್ಮಲ್ಲಿ ಶಾಲಿಗೂ ಮಾನವಿದೆ, ಹೊದ್ದವರಿಗೆ ಇರಬೇಕೆಂದಿಲ್ಲ.

ಕೊಂಡುಕುರಿಯ ದೊಡ್ಡ ಚಿತ್ರವನ್ನು ಅಡಿಕೆ ಮಂಡಿಯ ಪಂಚಾಕ್ಷರಪ್ಪನವರು ಕೊಂಡರು. "ನಾನು ಕೊಂಡ ಮ್ಯಾಲೆ ಇದು ಕೊಂಡ ಕುರಿ!" ಎಂದು ಮೈಕಿನಲ್ಲಿ ತಮಾಷೆ ಮಾಡಿದರು. ಅವರ ಬಳಿ ಅಡಿಕೆ ಹಾಕುವವರೆಲ್ಲ ನಕ್ಕರು, ನಗದೆ ಹೇಗಿದ್ದಾರು?

ಆ ಚಿತ್ರದಲ್ಲಿ ಪ್ರಾಣಿ ಎಡಗಡೆಯ ಅಂಚಿನಲ್ಲಿತ್ತು, ಕಿವಿ ನಿಮಿರಿಸಿ, ಒಂದು ಮುಂಗಾಲನ್ನು ಮಡಚಿ. ಉಳಿದದ್ದೆಲ್ಲ ಬರೀ ನೆಲ, ಒಣಹುಲ್ಲಿನ ಮಾಸಲು ಹಳದಿ. ಪಂಚಾಕ್ಷರಪ್ಪನವರು ತಲೆಯೋರೆ ಮಾಡಿ ನೋಡಿದರು. ದಾನಿಗಳ ಫಲಕ ಬರೆಯಲು ಬಂದು ಬಣ್ಣದ ಡಬ್ಬಿಯೊಂದಿಗೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕೈಮಾಡಿ ಕರೆದರು.

"ಲೇ ಪೇಂಟರ್, ಬಾ ಇಲ್ಲಿ. ಇಷ್ಟು ಜಾಗ ಖಾಲಿ ಐತಲ್ಲ, ನಮ್ಮ ಹೆಸರಿಗೇ ಬಿಟ್ಟಂಗೈತೆ. ಕೆಂಪಿನಾಗೆ ಬರಿ. ಮಂಡಿ ಹೆಸರೂ ಹಾಕು."

ಮೂಲೆಯಲ್ಲಿದ್ದವಳು ಎದ್ದು ಬಂದಳು. ಯಾರ ಮುಖವನ್ನೂ ನೋಡಲಿಲ್ಲ, ಚಿತ್ರವನ್ನು ಮಾತ್ರ ನೋಡಿದಳು.

"ಖಾಲಿ ಅಲ್ಲ. ಅದು ಓಡಾಕೆ."

"ಚಿತ್ರದಾಗಿನ ಕುರಿ ಎಲ್ಲಿಗೆ ಓಡ್ತೈತವ್ವಾ?" ಪಂಚಾಕ್ಷರಪ್ಪನವರು ಸಭೆಯ ಕಡೆ ನೋಡಿ ನಕ್ಕರು.

"ನೀವು ಬಂದ್ರೆ ಓಡ್ತೈತೆ."

ಈ ಸಲ ಯಾರೂ ನಗಲಿಲ್ಲ. "ಬರಿಯಯ್ಯ, ಹೊತ್ತಾಯ್ತು" ಎಂದರು ಅವರು. ನಾನು ಬ್ರಷ್ಷು ಅದ್ದಿದ್ದೆ. ಆ ಹಳದಿಯ ಕೆಳಗಿರುವ ಹಲಗೆ ನಾನು ಉಜ್ಜಿದ್ದು. ಮುಂಗಾಲು ಮಡಚಿದ ಪ್ರಾಣಿ ಮುಂದಿನ ಹೆಜ್ಜೆಯನ್ನು ಎಲ್ಲಿಡುತ್ತದೋ, ಸರಿಯಾಗಿ ಅಲ್ಲಿಗೇ ಅವರ 'ಶ್ರೀ' ಬರಬೇಕಿತ್ತು. ಬ್ರಷ್ಷು ಒರೆಸಿದೆ.

"ನನ್ ಕೈಲಿ ಆಗಲ್ರಿ. ನಾನು ಬೋರ್ಡ್ ಬರಿಯೋನು. ಇದು ಬೋರ್ಡಲ್ಲ."

"ಓಹೋ! ಸಾಲಿ ಬಿಟ್ಟೋರೆಲ್ಲ ಸಾಹೇಬ್ರಾದ್ರು" ಎಂದರು.

ಎದೆಯುಬ್ಬಿಸಿಕೊಂಡು ನ್ಯಾಮತಿ ಬಸ್ಸು ಹತ್ತಿದೆ. ಆದರೆ ನನ್ನ ಈ ಶೌರ್ಯದ ಬೆಲೆ ಕೆಲವೇ ದಿನಗಳಲ್ಲಿ ತಿಳಿಯಿತು. ಗಿರಿಜಮ್ಮನ ಮೊಬೈಲಿಗೆ ಫೋಟೋ ಬಂದಿತ್ತು: ಮಂಡಿಯ ಗೋಡೆಯ ಮೇಲೆ ಚಿತ್ರ, ಚಿತ್ರದ ಹಳದಿ ನೆಲದ ಮೇಲೆ ಪಳಪಳ ಹೊಳೆಯುವ ಕೆಂಪು ಸ್ಟಿಕ್ಕರ್ ಅಕ್ಷರಗಳು, ಮಂಡಿಯ ಫೋನ್ ನಂಬರ್ ಸಮೇತ. ಚೇತನಾ ಅದನ್ನು ಬಹಳ ಹೊತ್ತು ನೋಡಿ, "ಗೋಡೆ ಕಟ್ಯಾರೆ" ಎಂದಳಂತೆ. ಬ್ರಷ್ಷುಗಳನ್ನೆಲ್ಲ ತೊಳೆದು ಬಟ್ಟೆಯಲ್ಲಿ ಸುತ್ತಿಟ್ಟಳಂತೆ.

ನೀರಿನ ತೊಟ್ಟಿಯೇನೋ ಆಯಿತು. ಚಿತ್ರದ ದುಡ್ಡಿನಲ್ಲಿ ಆ ದೊಡ್ಡವರು ಜಗಳೂರಿನ ಕಾಡಂಚಿಗೆ ಒಂದನ್ನು ಕಟ್ಟಿ, ಅದರ ನಾಲ್ಕೂ ಬದಿಗೆ ತಮ್ಮ ಹೆಸರು ಬರೆಸಿದರು. ಓದು ಬಾರದ ಪ್ರಾಣಿಗಳು ನೆಮ್ಮದಿಯಾಗಿ ಕುಡಿಯುತ್ತಿವೆ ಎಂದು ಅವಳ ಮಾವ ಹೇಳುತ್ತಾನೆ. ಆದರೆ ಒಂದು ತೊಟ್ಟಿಯಿಂದ ಕಾಡಿನ ಬಾಯಾರಿಕೆ ತೀರೀತೇ? ಇನ್ನೊಂದು ಬೇಕೆಂದರೆ ಇನ್ನೊಂದು ಚಿತ್ರ ಬೇಕು. ಅವಳು ಮಾತ್ರ ಬಣ್ಣ ಮುಟ್ಟಲಿಲ್ಲ. ಮಳೆಗಾಲ ಹೋಯಿತು, ಚಳಿ ಹೋಯಿತು. ನಾನು ಒಂದು ಹಲಗೆ ಉಜ್ಜಿ ಅವರ ಜಗಲಿಯ ಮೇಲೆ ಇಟ್ಟು ಬಂದೆ. ತುಂಬ ದಿನ ಅದು ಬೆಳ್ಳಗೆ ಅಲ್ಲೇ ಇತ್ತು. ಒಂದು ಬೆಳಿಗ್ಗೆ ಇರಲಿಲ್ಲ.

ಚಿತ್ರವಾಗಿ ಮಾರಾಟಕ್ಕೆ ಬಂದ ಆ ಹಲಗೆಯನ್ನು ನೋಡಲೆಂದೇ ಇವತ್ತು ಹೊನ್ನಾಳಿಗೆ ಬಂದದ್ದು. ಗಿರಿಜಮ್ಮ ಈ ಸಲ ಗಟ್ಟಿಯಾಗಿದ್ದರು. ಮೈಕಿಲ್ಲ, ಶಾಲಿಲ್ಲ, ಮಗಳನ್ನೂ ಕರೆತಂದಿರಲಿಲ್ಲ. ಚಿತ್ರದ ಮೇಲೆ ಒಂದು ಹಳೇ ಸೀರೆ ಮುಚ್ಚಿತ್ತು. ಬೇರೆಯವರು ಬಾಯಿ ತೆರೆಯುವ ಮೊದಲೇ ಪಂಚಾಕ್ಷರಪ್ಪನವರು ಎದ್ದು, "ನೋಡೋದೇನೈತೆ, ನಾನೇ ತಗೊಂಡೆ" ಎಂದು ಘೋಷಿಸಿಬಿಟ್ಟರು. ಚಪ್ಪಾಳೆಯೂ ಆಯಿತು. ಗಿರಿಜಮ್ಮ ಸೀರೆ ಎಳೆದರು.

ಹುಲ್ಲು. ಅಂಚಿನಿಂದ ಅಂಚಿಗೆ, ಮೇಲಿನಿಂದ ಕೆಳಗೆ, ಬರೀ ಹುಲ್ಲು. ಒಂದೊಂದು ಎಸಳನ್ನೂ ಬೇರೆಬೇರೆಯಾಗಿ ಬರೆದಿದ್ದಳು. ಉಗುರು ಊರುವಷ್ಟು ಜಾಗವನ್ನೂ ಬಿಟ್ಟಿರಲಿಲ್ಲ.

"ಪ್ರಾಣಿ ಎಲ್ಲಮ್ಮ?" ಎಂದರು ಪಂಚಾಕ್ಷರಪ್ಪನವರು.

"ಐತಂತ್ರಿ ಅದರಾಗೆ" ಎಂದರು ಗಿರಿಜಮ್ಮ. "ಹುಡುಕಿದ್ರೆ ಸಿಗ್ತೈತಂತೆ."

ಪಂಚಾಕ್ಷರಪ್ಪನವರು ಕನ್ನಡಕ ಹಾಕಿದರು, ತೆಗೆದರು, ಹಿಂದೆ ಸರಿದರು. ಹಿಂದಿನ ಸಾಲಿನಿಂದ ಯಾರೋ, "ಸಾಹುಕಾರ್ರು ಹುಲ್ಲು ತಗೊಂಡ್ರು, ಹಿಂದೇನೇ ಎಮ್ಮೀನೂ ಬರ್ತೈತೆ" ಎಂದ. ಆಡಿದ ಮಾತನ್ನು ಸಾಹುಕಾರರು ಹಿಂತೆಗೆಯುವಂತಿಲ್ಲ. ಕೊನೆಗೆ ನನ್ನ ಕಿವಿಯ ಹತ್ತಿರ ಬಂದು, "ಲೇ, ಹೆಸರೆಲ್ಲಿ ಹಾಕ್ಸೋದೋ?" ಎಂದರು. ಇನ್ನೊಂದು ತೊಟ್ಟಿಗೆ ದುಡ್ಡಾಯಿತು, ನನಗಷ್ಟು ಸಾಕು.

ಜನ ಚಹಾದ ಕಡೆ ಹೋದ ಮೇಲೆ ನಾನೊಬ್ಬನೇ ಚಿತ್ರದ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ. ಕಣ್ಣು ನೋಯುವವರೆಗೆ ಹುಲ್ಲು ಹುಲ್ಲನ್ನೇ ನೋಡಿದೆ. ಎಲ್ಲಿಯೋ ಒಂದು ಕಡೆ ಎಸಳುಗಳ ನಡುವೆ ಕಣ್ಣಿನ ತೇವದ ಹೊಳಪು. ಅದರ ಮೇಲೆ ನಿಮಿರಿದ ಒಂದು ಕಿವಿ. ಅದು ನನ್ನನ್ನೇ ನೋಡುತ್ತಿತ್ತು. ನಾನು ಉಸಿರು ಬಿಗಿಹಿಡಿದೆ, ಅದು ಓಡಲಿಲ್ಲ. ಅಷ್ಟರಲ್ಲಿ ಪಂಚಾಕ್ಷರಪ್ಪನವರು ಚಹಾದ ಲೋಟ ಹಿಡಿದುಕೊಂಡು ಬಂದು, "ಸಿಕ್ತೇನೋ? ಎಲ್ಲೈತೋ?" ಎಂದು ಬಗ್ಗಿದರು.

ಊರಿಗೆಲ್ಲ ಕಾಣುವ ಹಾಗೆ ಬರೆಯುವುದೇ ನನ್ನ ಕಸುಬು. ಆದರೂ "ಇಲ್ರಿ" ಎಂದೆ. ಎಲ್ಲಿದೆಯೆಂದು ನಿಮಗೂ ಹೇಳುವುದಿಲ್ಲ.